ಬುಕ್ಕರಾಯನ ಶಾಸನವನ್ನು ಓದುವ ಕ್ರಮ

‘ಮಾಹಿತಿ ಸಾಕ್ಷರತೆ’ ಎಂಬ ಮಾತು ಹೊಸದು. 1974ರಲ್ಲಿ ಅಮೆರಿಕೆಯ ಪಾಲ್ ಜುರ್ಕೋವ್‌ಸ್ಕಿಯವರಿಂದ ಬಳಕೆಗೆ ಬಂದಿತು. ದೊರೆತ ವಚನವು ಯಾರದು, ಯಾವ ಸಂದರ್ಭದ್ದು, ಪೂರ್ಣವೋ ಖಂಡವೋ ಎಂದು ವಿಚಾರಿಸಿಯೇ ಅಂಗೀಕರಿಸಬೇಕೆಂಬುದು ಅದರ ತಿರುಳು. ಮೀಮಾಂಸಕರ ಉಪಕ್ರಮೋಪಸಂಹಾರವಿಚಾರವೂ ಇದಕ್ಕೆ ದೂರವಾದುದಲ್ಲ. ಇಂಥ ವಿಚಾರಣೆಯು ಮತಗಳ ನಡುವಣ ಶಾಂತಿಗೆ ಹೇಗೆ ನೆರವಾಗುವುದೆಂಬುದನ್ನು ಶ್ರವಣಬೆಳಗೊಳದ ಒಂದು ಶಾಸನದ ಮೂಲಕ ನಿರೂಪಿಸಲೆಳಸುತ್ತೇನೆ.

ಶಕ 1290ನೆಯ ಕೀಲಕ ಸಂವತ್ಸರದ (ಕ್ರಿ.ಶ. 1368) ಬುಕ್ಕರಾಯನ ಈ ಶಾಸನವು ರಾಮಾನುಜಾಚಾರ್ಯರ ಸ್ತುತಿಯಿಂದ ಮೊದಲಾಗುತ್ತದೆ. ಅಲ್ಲಿ ಆಚಾರ್ಯರು ಪಾಷಂಡರೆಂಬ ಕಡಲಿಗೆ ಬಡಬಾಗ್ನಿ. ಈ ಶ್ಲೋಕವೊಂದನ್ನೇ ಬಿಡಿಸಿಕೊಂಡು ಹರಡಿದರೆ (ಈಗಿನ ಮೊಬೈಲಿನಲ್ಲಿ ಅದಕ್ಕೆ ನಿಮಿಷವೂ ಬೇಡ) ಜೈನರ ಮೇಲೆ ಸಾರಿದ ಸಮರವೆಂದೇ ಜನರು ನಂಬುವರು. ನಿಂದೆಯು ನಿಂದ್ಯವನ್ನು ಹಳಿಯಲಿಕ್ಕಲ್ಲ, ಸ್ತುತ್ಯವನ್ನು ಹೊಗಳಲಿಕ್ಕೆಂಬ ನಹಿನಿಂದಾನ್ಯಾಯವನ್ನು ಬಲ್ಲವರು ಮುಂದಕ್ಕೂ ಓದುತ್ತಾರೆ.

ಮುಂದೆ ಇರುವುದಾದರೂ ಏನು? ಭಕ್ತರಿಂದ ಅನ್ಯಾಯವಾಗುತ್ತಿದೆಯೆಂದು ಭವ್ಯರು, ಎಂದರೆ ಜೈನರು, ಅರಸನಲ್ಲಿ ಬಿನ್ನವಿಸುತ್ತಾರೆ. ಅರಸನು ಜೈನರ ಕೈಯನ್ನು ಹಿಡಿದು ಹದಿನೆಂಟು ನಾಡಿನ ಶ್ರೀವೈಷ್ಣವರ ಕೈಯಲ್ಲಿರಿಸುತ್ತಾನೆ. ಎರಡು ದರ್ಶನಗಳಿಗೂ ಭೇದವಿಲ್ಲವೆನ್ನುತ್ತಾನೆ. ಪಂಚಮಹಾವಾದ್ಯಕ್ಕೂ ಕಲಶಕ್ಕೂ ಜೈನದರ್ಶನವು ಅರ್ಹವೆಂದು ನಿರ್ಣಯಿಸುತ್ತಾನೆ. ಜೈನರ ಹಾನಿವೃದ್ಧಿಗಳನ್ನು ವೈಷ್ಣವರು ತಮ್ಮವೆಂದೇ ಎಣಿಸತಕ್ಕದ್ದು.

ಇದರಲ್ಲಿ ದೂರನ್ನು ಮಾತ್ರ ಎತ್ತಿಕೊಂಡವರಿಗೆ ಹಿಂಸೆಯ ಚರಿತ್ರೆಯೂ, ತೀರ್ಪನ್ನು ಮಾತ್ರ ಎತ್ತಿಕೊಂಡವರಿಗೆ ಕಲಹವೇ ಇಲ್ಲದ ಸುವರ್ಣಯುಗವೂ ಕಾಣುತ್ತವೆ. ಇಬ್ಬರೂ ಅರ್ಧವಾಚಕರೇ. ಎರಡನೆಯವರನ್ನು ಸಭೆಗಳಲ್ಲಿ ಹೆಚ್ಚಾಗಿ ಕೇಳುತ್ತೇವೆ.

ಶಾಸನದ ಕೊನೆಯನ್ನು ಓದುವವರು ಇನ್ನೂ ವಿರಳ. ಕಲ್ಲೇಹದ ಬುಸುವಿಸೆಟ್ಟಿಯೆಂಬ ವರ್ತಕನು ಬುಕ್ಕರಾಯನಲ್ಲಿ ಬಿನ್ನಹ ಮಾಡಿ, ತಿರುಮಲೆಯ ತಾತಯ್ಯನನ್ನು ಬರಮಾಡಿಸಿ, ಜೀರ್ಣೋದ್ಧಾರವನ್ನು ಮಾಡಿಸಿದನೆಂದೂ ಉಭಯ ಸಮಯದವರೂ ಸೇರಿ ಅವನಿಗೆ ಸಂಘನಾಯಕ ಪಟ್ಟವನ್ನು ಕಟ್ಟಿದರೆಂದೂ ಅಲ್ಲಿದೆ. ಸಂಧಿಯು ಅರಸನ ಔದಾರ್ಯದಿಂದಲೇ ಆದುದಲ್ಲ. ಪ್ರಜೆಯೊಬ್ಬನು ಮುಂದೆ ಬಂದುದರಿಂದಲೂ ಆಯಿತು. ಇದೇ ನಿರ್ಣಯದ ಶಾಸನವು ಮಾಗಡಿಯ ಕಲ್ಯದಲ್ಲಿಯೂ ದೊರೆತಿರುವುದರಿಂದ ಎರಡನ್ನೂ ಹೋಲಿಸಿ ನೋಡಬಹುದು.

ತರಗತಿಯಲ್ಲಿ ನಾನು ಮೊದಲು ಶ್ಲೋಕವನ್ನಷ್ಟೇ ಓದಿಸಿ, ಅಭಿಪ್ರಾಯವನ್ನು ಬರೆಯಿಸಿ, ಅನಂತರ ಪೂರ್ಣಪಾಠವನ್ನು ಕೊಡುತ್ತೇನೆ. ಬರೆದುದನ್ನು ವಿದ್ಯಾರ್ಥಿಗಳು ತಾವಾಗಿಯೇ ಹೊಡೆದುಹಾಕುತ್ತಾರೆ. ಒಮ್ಮೆ ಒಬ್ಬನು ಕೇಳಿದನು: ಬೆಳಗೊಳದ ದೇವರಿಗೆ ಇಪ್ಪತ್ತು ಮಂದಿ ಕಾವಲಿನವರನ್ನು ನೇಮಿಸಲು ಜೈನರೇ ಮನೆಗೊಂದು ಹಣವನ್ನು ವರ್ಷವರ್ಷವೂ ತೆರಬೇಕು, ಅದನ್ನು ತಾತಯ್ಯನು ಎತ್ತಬೇಕು, ನೊಂದವರಿಗೇ ತೆರಿಗೆಯೇ? ಭವ್ಯರ ಸಮ್ಮತಿಯಿಂದಲೇ ಎಂದು ಶಾಸನವು ಹೇಳುತ್ತದೆಯೆಂದು ತೋರಿಸಿದೆನು. ಆ ಸಮ್ಮತಿಯು ಸಂತೋಷದಿಂದ ಬಂದುದೋ ಬೇರೆ ದಾರಿಯಿಲ್ಲದೆ ಬಂದುದೋ ಎಂದು ಅವನು ಮತ್ತೆ ಕೇಳಿದನು. ಕಲ್ಲಿನಲ್ಲಿ ಅದಕ್ಕೆ ಉತ್ತರವಿಲ್ಲ, ಇಲ್ಲವೆಂದೇ ಹೇಳಿದೆನು.