ಹಿತ್ತಲ ಕೋಳಿ: ಮನೆಯ ಸದಸ್ಯನೋ, ಮನೆಯ ಆಹಾರವೋ? ಮರಿಯಿದ್ದಾಗಲೇ ನಿರ್ಧರಿಸಿ

ಮಾಲೂರು, ಕೋಲಾರ, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಸಣ್ಣ ರೈತ ಕುಟುಂಬಗಳ ಸ್ವಾವಲಂಬನೆಯಲ್ಲಿ ರಾಗಿ, ಅವರೆ ಮತ್ತು ಹಸುವಿನ ಜೊತೆಗೆ ಹಿತ್ತಲಿನ ನಾಟಿ ಕೋಳಿಗೂ ಸ್ಥಾನವಿದೆ. ಮಕ್ಕಳಿಗೆ ಮೊಟ್ಟೆ, ನೆಂಟರು ಬಂದಾಗ ಮುದ್ದೆಯೊಂದಿಗೆ ಸಾರು, ತುರ್ತು ಖರ್ಚಿಗೆ ಸಂತೆಯಲ್ಲಿ ಒಂದಿಷ್ಟು ನಗದು: ಇವು ಮೂರೂ ಹಿತ್ತಲಿನಿಂದಲೇ ದೊರೆಯುತ್ತವೆ. ಆದರೆ ಪ್ರತಿದಿನ ಕರೆದೊಡನೆ ಓಡಿಬಂದು, ಮಕ್ಕಳ ಅಂಗೈಯಿಂದ ಕಾಳು ತಿನ್ನುವ ಕೋಳಿಯನ್ನು ಕುಯ್ಯಲು ಮನಸ್ಸು ಒಪ್ಪುವುದಿಲ್ಲ. ಈ ಹಿಂಜರಿಕೆ ಸಹಜವಾದುದು. ನಷ್ಟವಾಗುವುದು ಮರುಕದಿಂದಲ್ಲ, ನಿರ್ಧಾರವನ್ನು ಮುಂದೂಡುವುದರಿಂದ.

ನಿರ್ಧಾರ ಅನಿವಾರ್ಯವೇಕೆ?

"ನಮಗೆ ಮೊಟ್ಟೆ ಮಾತ್ರ ಸಾಕು, ಕೋಳಿಯನ್ನು ಕುಯ್ಯುವುದಿಲ್ಲ" ಎನ್ನುವ ಕುಟುಂಬಗಳೂ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲಾರವು. ಇದಕ್ಕೆ ಎರಡು ಕಾರಣಗಳಿವೆ.

ಮೊದಲನೆಯದು, ಕಾವಿಗೆ ಇಟ್ಟ ಮೊಟ್ಟೆಗಳು 21 ದಿನಗಳಲ್ಲಿ ಒಡೆದು ಮರಿಗಳು ಹೊರಬಂದಾಗ, ಅವುಗಳಲ್ಲಿ ಸುಮಾರು ಅರ್ಧದಷ್ಟು ಹುಂಜಗಳಾಗಿರುತ್ತವೆ. ಎಂಟು–ಹತ್ತು ಹೇಂಟೆಗಳಿಗೆ ಒಂದು ಹುಂಜ ಸಾಕು. ಉಳಿದ ಹುಂಜಗಳನ್ನು ಹಾಗೆಯೇ ಬಿಟ್ಟರೆ ಅವು ಪರಸ್ಪರ ಕಾದಾಡುತ್ತವೆ, ಹೇಂಟೆಗಳನ್ನು ಅತಿಯಾಗಿ ತುಳಿದು ಬೆನ್ನಿನ ಗರಿ ಉದುರಿಸಿ ಗಾಯಗೊಳಿಸುತ್ತವೆ.

ಎರಡನೆಯದು, ಹೇಂಟೆಯ ಆಯುಷ್ಯವು ಅದರ ಮೊಟ್ಟೆಯ ಕಾಲಕ್ಕಿಂತ ದೀರ್ಘವಾದುದು. ಎರಡನೆಯ ವರ್ಷದ ನಂತರ ಮೊಟ್ಟೆಗಳ ಸಂಖ್ಯೆ ಇಳಿಯತೊಡಗುತ್ತದೆ. ಆದರೆ ನಾಯಿ, ಮುಂಗುಸಿಗಳಿಂದ ಕಾಪಾಡಿದರೆ ಕೋಳಿಯು ಇನ್ನೂ ಹಲವು ವರ್ಷ ಬದುಕಬಲ್ಲದು. ಹಿತ್ತಲಿನಲ್ಲಿ ಮೇಯುವ ಕೋಳಿಗೆ ದಿನಕ್ಕೆ 50 ಗ್ರಾಂ ಕಾಳು ಹಾಕುತ್ತೀರಿ ಎಂದುಕೊಳ್ಳಿ. ಮೊಟ್ಟೆಯಿಡದ ಐದು ಕೋಳಿಗಳು ವರ್ಷಕ್ಕೆ ಸುಮಾರು 90 ಕಿಲೋ ಕಾಳು ತಿನ್ನುತ್ತವೆ. ಮಳೆ ಕೈಕೊಟ್ಟ ವರ್ಷದಲ್ಲಿ ಇದು ಸಣ್ಣ ಪ್ರಮಾಣವಲ್ಲ.

ಹಿಂಡನ್ನು ನಾಲ್ಕು ಗುಂಪು ಮಾಡಿ

ಎಲ್ಲ ಕೋಳಿಗಳನ್ನೂ ಒಂದೇ ಬಗೆಯಾಗಿ ಕಾಣಬೇಕಾಗಿಲ್ಲ. ಹಿಂಡನ್ನು ಹೀಗೆ ವಿಂಗಡಿಸಬಹುದು:

1. ತಾಯಿ ಕೋಳಿ: ಚೆನ್ನಾಗಿ ಕಾವು ಕೂತು ಮರಿ ಸಾಕುವ ನಾಟಿ ಹೇಂಟೆ. ಇದು ಒಮ್ಮೆಗೆ 10–12 ಮೊಟ್ಟೆಗಳಿಗೆ ಕಾವು ಕೊಡಬಲ್ಲದು. ಮೊಟ್ಟೆ ಕಡಿಮೆಯಾದರೂ ಇದನ್ನು ಉಳಿಸಿಕೊಳ್ಳುವುದು ಲಾಭಕರ.
2. ಮೊಟ್ಟೆ ಕೋಳಿ: ಎರಡು–ಎರಡೂವರೆ ವರ್ಷದವರೆಗೆ ಮೊಟ್ಟೆಗಾಗಿ, ನಂತರ ಮಾರಾಟ ಅಥವಾ ಮನೆಯ ಬಳಕೆಗಾಗಿ.
3. ಆಹಾರದ ಕೋಳಿ: ತಳಿಗೆ ಬೇಕಾದುದನ್ನು ಬಿಟ್ಟು ಉಳಿದ ಹುಂಜಗಳು.
4. ಪ್ರೀತಿಯ ಕೋಳಿ: ಮನೆಯವರು ಕುಯ್ಯಲು, ಮಾರಲು ಬಯಸದ ಕೋಳಿ. ಇಂತಹ ಕೋಳಿಯನ್ನು ಸಾಕುವುದು ತಪ್ಪಲ್ಲ. ಅದು ಹುಳು ಹೆಕ್ಕುತ್ತದೆ, ಗೊಬ್ಬರ ಕೊಡುತ್ತದೆ. ಆದರೆ ಇವುಗಳ ಸಂಖ್ಯೆಗೆ ಮಿತಿಯಿರಲಿ. ಹತ್ತು ಕೋಳಿಗಳ ಹಿಂಡಿನಲ್ಲಿ ಒಂದೆರಡು ಇದ್ದರೆ ಹೊರೆಯಾಗದು.

ಯಾವಾಗ, ಯಾರು ನಿರ್ಧರಿಸಬೇಕು?

ಎಂಟರಿಂದ ಹನ್ನೆರಡು ವಾರಗಳ ಅವಧಿಯಲ್ಲಿ ಜುಟ್ಟಿನ ಗಾತ್ರ ಮತ್ತು ಬಣ್ಣದಿಂದ ಹುಂಜ–ಹೇಂಟೆಗಳನ್ನು ಗುರುತಿಸಬಹುದು. ವಿಂಗಡಣೆಗೆ ಇದೇ ಸೂಕ್ತ ಸಮಯ. ಆಹಾರದ ಕೋಳಿಯ ಕಾಲಿಗೆ ಒಂದು ಬಣ್ಣದ, ಪ್ರೀತಿಯ ಕೋಳಿಯ ಕಾಲಿಗೆ ಇನ್ನೊಂದು ಬಣ್ಣದ ಪ್ಲಾಸ್ಟಿಕ್ ಉಂಗುರವನ್ನು ಸಡಿಲವಾಗಿ ಹಾಕಿ. ಕೋಳಿ ಬೆಳೆದಂತೆ ಉಂಗುರ ಬಿಗಿಯಾಗದಂತೆ ನೋಡಿಕೊಳ್ಳಿ.

ಹಿತ್ತಲ ಕೋಳಿಯ ಆರೈಕೆ ಬಹುತೇಕ ಮನೆಗಳಲ್ಲಿ ಮಹಿಳೆಯರದು. ಮೊಟ್ಟೆ ಮಾರಿ ಬರುವ ಹಣವೂ ಅವರ ಕೈಗಂಟು. ಅವರನ್ನು ಕೇಳದೆ ಕೋಳಿಯನ್ನು ಮಾರುವುದು ಅಥವಾ ಕುಯ್ಯುವುದು ಅವರ ಸಂಪಾದನೆಗೆ ಕೈಹಾಕಿದಂತೆ. ಆದ್ದರಿಂದ ಕೊನೆಯ ಮಾತು ಸಾಕುವವರದೇ ಆಗಿರಲಿ.

ಮಕ್ಕಳಿಗೆ ಸತ್ಯವನ್ನೇ ಹೇಳಿ. ಹೆಸರಿಟ್ಟು ಸಾಕಿದ ಕೋಳಿಯನ್ನು ಗುಟ್ಟಾಗಿ ಕುಯ್ದು "ನಾಯಿ ಹಿಡಿಯಿತು" ಎಂದರೆ, ಮಗು ಸಾರಿನ ಬಟ್ಟಲಿನ ಮುಂದೆ ಅದನ್ನು ಅರಿತಾಗ ಕಳೆದುಹೋಗುವುದು ಕೋಳಿಯಷ್ಟೇ ಅಲ್ಲ, ಹಿರಿಯರ ಮೇಲಿನ ನಂಬಿಕೆಯೂ ಹೌದು. ಒಂದು ಕೋಳಿಯನ್ನು ಮಕ್ಕಳೇ ಆರಿಸಿಕೊಳ್ಳಲಿ. ಕೊಟ್ಟ ಮಾತನ್ನು ನೆಂಟರು ಬಂದ ದಿನವೂ ಉಳಿಸಿಕೊಳ್ಳಿ.

ಉದ್ದೇಶಕ್ಕೆ ತಕ್ಕ ತಳಿ

ನಾಟಿ ಕೋಳಿ ವರ್ಷಕ್ಕೆ ಸುಮಾರು 50–60 ಮೊಟ್ಟೆ ಇಡುತ್ತದೆ. ಕಾವು ಕೂರುವುದು ಅದರ ಹೆಚ್ಚುಗಾರಿಕೆ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ ಅಭಿವೃದ್ಧಿಗೊಂಡ ಗಿರಿರಾಜ ತಳಿಯು ಉತ್ತಮ ನಿರ್ವಹಣೆಯಲ್ಲಿ ವರ್ಷಕ್ಕೆ 130–150 ಮೊಟ್ಟೆ ಕೊಡುತ್ತದೆ. ಶೀಘ್ರವಾಗಿ ತೂಕವನ್ನೂ ಪಡೆಯುತ್ತದೆ. 2005ರಲ್ಲಿ ಬಿಡುಗಡೆಯಾದ ಸ್ವರ್ಣಧಾರ ತಳಿಯು 180–190 ಮೊಟ್ಟೆಗಳನ್ನು ಇಡಬಲ್ಲದು. ಇಂತಹ ಸುಧಾರಿತ ತಳಿಗಳು ಸಾಮಾನ್ಯವಾಗಿ ಕಾವು ಕೂರುವುದಿಲ್ಲ. ಆದ್ದರಿಂದ ಮರಿಗಳನ್ನು ಕೊಂಡು ತರಬೇಕು. ಹೊರಗಿನ ಮರಿಗಳನ್ನು ಅವಲಂಬಿಸದೆ ಹಿಂಡನ್ನು ಮುಂದುವರಿಸಲು ಬಯಸುವವರು ಒಂದೆರಡು ನಾಟಿ ತಾಯಿ ಕೋಳಿಗಳನ್ನು ತಪ್ಪದೆ ಉಳಿಸಿಕೊಳ್ಳಬೇಕು.

ಹಬ್ಬದ ಲೆಕ್ಕ

ಯುಗಾದಿಯ ಮರುದಿನದ ಹೊಸತೊಡಕು ಮತ್ತು ಊರಹಬ್ಬಗಳಲ್ಲಿ ನಾಟಿ ಹುಂಜಕ್ಕೆ ಒಳ್ಳೆಯ ಬೇಡಿಕೆಯಿರುತ್ತದೆ. ಶ್ರಾವಣದಲ್ಲಿ ಅದು ತಗ್ಗುತ್ತದೆ. ನಾಟಿ ಹುಂಜ ಬಲಿಯಲು ಐದಾರು ತಿಂಗಳು ಬೇಕು. ಗಣೇಶನ ಹಬ್ಬದ ಆಸುಪಾಸಿನಲ್ಲಿ ಕಾವಿಗೆ ಇಟ್ಟ ಮೊಟ್ಟೆಗಳ ಹುಂಜಗಳು ಯುಗಾದಿಯ ವೇಳೆಗೆ ಸಿದ್ಧವಾಗುತ್ತವೆ. ಹೀಗೆ ಮೊದಲೇ ಲೆಕ್ಕ ಹಾಕಿದರೆ, ಹಬ್ಬದ ಹಿಂದಿನ ದಿನ ಮೊಟ್ಟೆಯಿಡುತ್ತಿರುವ ಹೇಂಟೆಯ ಮೇಲೆ ಕೈಹಾಕುವ ಪ್ರಸಂಗ ಬಾರದು. ದೇವಸ್ಥಾನದ ಆವರಣದಲ್ಲಿ ಪ್ರಾಣಿಬಲಿಯನ್ನು ರಾಜ್ಯದ 1959ರ ಕಾಯ್ದೆ ನಿಷೇಧಿಸಿದೆ ಎಂಬುದನ್ನು ಹರಕೆಯ ಕೋಳಿ ಸಾಕುವವರು ಗಮನದಲ್ಲಿಡಬೇಕು.

ಕಾಯಿಲೆಯ ದಿನ ನಿರ್ಧರಿಸಬೇಡಿ

ನಿರ್ಧಾರವನ್ನು ಮುಂದೂಡಿದವರು ಕೋಳಿ ತೂಕಡಿಸತೊಡಗಿದಾಗ "ಸಾಯುವ ಮೊದಲು ಕುಯ್ದುಬಿಡೋಣ" ಎಂದೋ, "ಬಂದಷ್ಟಕ್ಕೆ ಮಾರಿಬಿಡೋಣ" ಎಂದೋ ಯೋಚಿಸುತ್ತಾರೆ. ಇದು ಅತ್ಯಂತ ಅಪಾಯಕಾರಿ. ಕೊಕ್ಕರೆ ರೋಗ ತಗುಲಿದ ಕೋಳಿಯನ್ನು ಸಂತೆಗೆ ಒಯ್ದರೆ ಅದು ಇತರ ಊರುಗಳಿಗೂ ಹರಡುತ್ತದೆ. ಹಕ್ಕಿಜ್ವರ ಮನುಷ್ಯರಿಗೂ ತಗುಲಬಲ್ಲದು. ಕಾಯಿಲೆಯ ಕೋಳಿಯನ್ನು ಕುಯ್ದು ಗರಿ ಕೀಳುವವರಿಗೇ ಅಪಾಯ ಹೆಚ್ಚು. 2025ರ ಆರಂಭದಲ್ಲಿ ನೆರೆಯ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯ ಹಿತ್ತಲ ಕೋಳಿಗಳಲ್ಲಿಯೇ ಈ ರೋಗ ಕಾಣಿಸಿಕೊಂಡಿತ್ತು.

ಕೋಳಿಗಳು ಒಮ್ಮೆಗೇ ಸಾಯತೊಡಗಿದರೆ ತಕ್ಷಣ ಹತ್ತಿರದ ಪಶು ಚಿಕಿತ್ಸಾಲಯಕ್ಕೆ ತಿಳಿಸಿ. ಹಕ್ಕಿಜ್ವರ ದೃಢಪಟ್ಟ ವಲಯದಲ್ಲಿ ಪ್ರೀತಿಯ ಕೋಳಿಗೂ ವಿನಾಯಿತಿಯಿಲ್ಲ. ಪರಿಹಾರ ದೊರೆಯುವುದು ಇಲಾಖೆಯು ನಾಶಪಡಿಸಿದ ಕೋಳಿಗಳಿಗೆ ಮಾತ್ರ. ಮೊದಲೇ ರೋಗದಿಂದ ಸತ್ತವುಗಳಿಗಲ್ಲ. ಆದ್ದರಿಂದ ಮುಚ್ಚಿಡುವುದರಿಂದ ನಷ್ಟವೇ ಹೆಚ್ಚು.

ಯಾವ ಗುಂಪಿನದಾದರೂ ಎಲ್ಲ ಕೋಳಿಗಳಿಗೂ ಲಸಿಕೆ ಹಾಕಿಸಿ. ಕೊಕ್ಕರೆ ರೋಗಕ್ಕೆ ಮೊದಲ ವಾರದಲ್ಲಿ ಲಸೋಟಾ ಹನಿ, ಎಂಟನೆಯ ವಾರದಲ್ಲಿ ಆರ್‌2ಬಿ ಚುಚ್ಚುಮದ್ದು ಅವಶ್ಯ. ಔಷಧಿ ಕೊಟ್ಟ ಕೋಳಿಯ ಮಾಂಸ ಮತ್ತು ಮೊಟ್ಟೆಯನ್ನು ಎಷ್ಟು ದಿನ ಬಳಸಬಾರದೆಂದು ಪಶುವೈದ್ಯರಿಂದ ಕೇಳಿ ತಿಳಿಯಿರಿ. ಟೊಮೆಟೊ ಮತ್ತಿತರ ತೋಟಗಳಿಗೆ ಕೀಟನಾಶಕ ಸಿಂಪಡಿಸಿದಾಗ ಕೋಳಿಗಳನ್ನು ಕೂಡಿಹಾಕಿ.

ಆಹಾರವಾಗುವ ಕೋಳಿಗೂ ಹಿತವಾದ ಬದುಕಿರಲಿ

ಆಹಾರಕ್ಕೆಂದು ಗೊತ್ತುಮಾಡಿದ ಕೋಳಿಗೆ ಮೇವು, ನೀರು, ನೆರಳು ಕಡಿಮೆಯಾಗಬಾರದು. ಕುಯ್ಯುವ ಹಿಂದಿನ ರಾತ್ರಿ ಕಾಳು ನಿಲ್ಲಿಸಿ, ನೀರು ಮಾತ್ರ ಕೊಡಿ. ಅಟ್ಟಾಡಿಸಿ ಹಿಡಿಯದೆ, ನಸುಕಿನಲ್ಲಿ ಗೂಡಿನಿಂದಲೇ ಎತ್ತಿಕೊಳ್ಳಿ. ಕಾಲು ಕಟ್ಟಿ ತಲೆಕೆಳಗಾಗಿ ನೇತುಹಾಕಿ ಒಯ್ಯಬೇಡಿ. ಇತರ ಕೋಳಿಗಳು ಮತ್ತು ಚಿಕ್ಕ ಮಕ್ಕಳ ಕಣ್ಣೆದುರು ಬೇಡ. ಹರಿತವಾದ ಚಾಕುವಿನಿಂದ, ಅನುಭವವಿದ್ದವರೇ ತ್ವರಿತವಾಗಿ ಮುಗಿಸಲಿ. ಗರಿ, ಕರುಳುಗಳನ್ನು ಬೀದಿಗೆ ಎಸೆಯದೆ ಆಳವಾಗಿ ಹೂಳಿ. ರುಚಿ ಕಂಡ ಬೀದಿನಾಯಿ ನಾಳೆ ನಿಮ್ಮ ಗೂಡಿಗೇ ಬರುತ್ತದೆ.

ವಿಸ್ತರಣಾ ಕಾರ್ಯಕರ್ತರ ಗಮನಕ್ಕೆ

ಮರಿ ವಿತರಣೆಯ ದಿನವೇ ಮೂರು ಪ್ರಶ್ನೆಗಳನ್ನು ಕೇಳಿ: ಹುಂಜಗಳನ್ನು ಏನು ಮಾಡುವಿರಿ? ಮೊಟ್ಟೆ ನಿಂತ ಹೇಂಟೆಯನ್ನು ಏನು ಮಾಡುವಿರಿ? ಇದನ್ನು ಮನೆಯಲ್ಲಿ ಯಾರು ನಿರ್ಧರಿಸುತ್ತಾರೆ? ಕೋಳಿ ಕುಯ್ಯಲು ಒಪ್ಪದ ಕುಟುಂಬಕ್ಕೆ ಕಡಿಮೆ ಮರಿಗಳನ್ನು ಸೂಚಿಸಿ. ಹುಂಜಗಳನ್ನು ಕೊಳ್ಳಲು ಸಿದ್ಧವಿರುವ ನೆರೆಯವರನ್ನು ಮೊದಲೇ ಗೊತ್ತುಪಡಿಸಿ. ಮೂರೂ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮನೆಯಲ್ಲಿ ಹಿಂಡು ವರ್ಷದಿಂದ ವರ್ಷಕ್ಕೆ ಉಳಿಯುತ್ತದೆ. ಮಕ್ಕಳ ಕೋಳಿಯೂ ನಿಶ್ಚಿಂತೆಯಿಂದ ಮೇಯುತ್ತಿರುತ್ತದೆ.