ಗ್ರಂಥವೂ ಪರಂಪರೆಯೂ

ಹುಬ್ಬಳ್ಳಿಯ ಗೋಕುಲ ರಸ್ತೆಯು ಊರಿನಿಂದ ವಿಮಾನ ನಿಲ್ದಾಣದ ಕಡೆಗೆ ಸಾಗುತ್ತದೆ. ಅದರ ಎಡಬಲಗಳಲ್ಲಿ ಬಸ್ ನಿಲ್ದಾಣ, ಕಾರ್ಖಾನೆಗಳು, ಬಡಾವಣೆಗಳು ಬೆಳೆದುನಿಂತಿವೆ. ಇಂತಹ ಬಡಾವಣೆಯೊಂದರಲ್ಲಿ ಕಥೋಲಿಕರ ಮನೆಯೂ ಪ್ರೊಟೆಸ್ಟಂಟರ ಮನೆಯೂ ಅಕ್ಕಪಕ್ಕದಲ್ಲಿವೆಯೆಂದು ಭಾವಿಸಬಹುದು. ಎರಡು ಮನೆಗಳಲ್ಲಿಯೂ ಕನ್ನಡ ಬೈಬಲ್ ಉಂಟು. ಆದರೆ ಒಂದರಲ್ಲಿ 73 ಪುಸ್ತಕಗಳು, ಇನ್ನೊಂದರಲ್ಲಿ 66. ಒಬ್ಬರು ‘ಶುಭಸಂದೇಶ’ ಎನ್ನುವುದನ್ನು ಮತ್ತೊಬ್ಬರು ‘ಸುವಾರ್ತೆ’ ಎನ್ನುತ್ತಾರೆ. ಒಬ್ಬರ ‘ಬಲಿಪೂಜೆ’ಯ ಸ್ಥಾನದಲ್ಲಿ ಇನ್ನೊಬ್ಬರಿಗೆ ‘ಕರ್ತನ ಭೋಜನ’ವಿದೆ. ಇದು ಕೇವಲ ಲೆಕ್ಕದ ಅಥವಾ ಮಾತಿನ ಭೇದವಲ್ಲ. ದೇವರ ವಾಕ್ಯವು ಮನುಷ್ಯನನ್ನು ಯಾವ ಮಾರ್ಗದಿಂದ ತಲುಪುತ್ತದೆ, ಅದರ ಅರ್ಥವನ್ನು ನಿರ್ಣಯಿಸುವ ಅಧಿಕಾರ ಯಾರದು ಎಂಬ ಹಳೆಯ ಪ್ರಶ್ನೆಯು ಇದರ ಹಿಂದೆ ಅಡಗಿದೆ.

ಕಥೋಲಿಕರ ಬೈಬಲಿನಲ್ಲಿ ಹೆಚ್ಚಾಗಿರುವ ಏಳು ಪುಸ್ತಕಗಳೆಂದರೆ ತೋಬಿತ, ಯೂದಿತ, ಜ್ಞಾನಗ್ರಂಥ, ಸಿರಾಖ, ಬಾರೂಖ ಹಾಗೂ ಮಕ್ಕಬಿಯರ ಎರಡು ಗ್ರಂಥಗಳು. ಗ್ರೀಕ್ ನುಡಿಯನ್ನಾಡುತ್ತಿದ್ದ ಯೆಹೂದ್ಯರ ಬಳಕೆಯಲ್ಲಿದ್ದ ಈ ಪುಸ್ತಕಗಳು ಯೆಹೂದ್ಯರ ಹೀಬ್ರೂ ಗ್ರಂಥಸಂಗ್ರಹದಲ್ಲಿ ಸೇರಲಿಲ್ಲ. ಆದಿಕಾಲದ ಕ್ರೈಸ್ತರು ಬಹುಮಟ್ಟಿಗೆ ಗ್ರೀಕ್ ಪಾಠವನ್ನೇ ಓದಿದರು. ಆದರೂ ಬೈಬಲನ್ನು ಲ್ಯಾಟಿನ್ ಭಾಷೆಗೆ ತಂದ ಪಂಡಿತ ಜೆರೋಮನೇ ಇವುಗಳ ಸ್ಥಾನವನ್ನು ಕುರಿತು ಸಂದೇಹ ತಾಳಿದ್ದನು. 1534ರಲ್ಲಿ ಮಾರ್ಟಿನ್ ಲೂಥರನು ತನ್ನ ಜರ್ಮನ್ ಬೈಬಲಿನಲ್ಲಿ, ಓದಲು ಹಿತವಾದವು, ಆದರೆ ಪವಿತ್ರ ಗ್ರಂಥಕ್ಕೆ ಸಮಾನವಲ್ಲವೆಂದು ಇವನ್ನು ಪ್ರತ್ಯೇಕವಾಗಿ ಇರಿಸಿದನು. ಇದಕ್ಕೆ ಉತ್ತರವೆಂಬಂತೆ 1546ರಲ್ಲಿ ಟ್ರೆಂಟ್ ಮಹಾಸಭೆಯು ಇವು ಪವಿತ್ರ ಗ್ರಂಥದ ಭಾಗಗಳೇ ಎಂದು ಸಾರಿತು. ಪ್ರೇಷಿತರಿಂದ ಬಂದ ಪರಂಪರೆಯನ್ನೂ ಗ್ರಂಥದಷ್ಟೇ ಭಕ್ತಿಯಿಂದ ಸ್ವೀಕರಿಸಬೇಕೆಂದು ವಿಧಿಸಿತು.

ಈ ನಿರ್ಣಯಗಳು ಪಂಡಿತರ ಚರ್ಚೆಯಲ್ಲಿಯೇ ಉಳಿಯದೆ ಜನರ ಬಾಳನ್ನು ಹೊಕ್ಕವು. ಮೃತರ ಪಾಪವಿಮೋಚನೆಗಾಗಿ ಪ್ರಾರ್ಥಿಸಿದ ಪ್ರಸಂಗವೊಂದು ಮಕ್ಕಬಿಯರ ಎರಡನೆಯ ಗ್ರಂಥದಲ್ಲಿ ಬರುತ್ತದೆ. ಕಥೋಲಿಕರು ನವೆಂಬರ್ 2ರಂದು ಸಮಾಧಿಗಳ ಬಳಿ ದೀಪ ಹಚ್ಚಿ ಮೃತರಿಗಾಗಿ ಪ್ರಾರ್ಥಿಸುವರು. ಆ ಗ್ರಂಥವನ್ನು ಪ್ರಮಾಣವೆಂದು ಒಪ್ಪದ ಪ್ರೊಟೆಸ್ಟಂಟರು ಸತ್ತವರನ್ನು ದೇವರ ಕೃಪೆಗೆ ಒಪ್ಪಿಸಿ, ಬದುಕಿರುವವರ ಸಾಂತ್ವನಕ್ಕಾಗಿ ಪ್ರಾರ್ಥಿಸುವರು. ಹೀಗೆ ಪುಸ್ತಕಗಳ ಪಟ್ಟಿಯ ಭೇದವು ದುಃಖದ ಗಳಿಗೆಯಲ್ಲಿಯೂ ಕಾಣಿಸಿಕೊಳ್ಳುತ್ತದೆ.

ಎರಡು ಪಕ್ಷಗಳ ವಾದಗಳಲ್ಲಿಯೂ ಬಲವಿದೆ. ಕ್ರಿಸ್ತನು ಯಾವ ಗ್ರಂಥವನ್ನೂ ಬರೆಯಲಿಲ್ಲ. ಶಿಷ್ಯರು ಮೊದಲು ಬಾಯಿಮಾತಿನಿಂದ ಬೋಧಿಸಿದರು, ಬರವಣಿಗೆ ಆಮೇಲೆ ಬಂದಿತು. ಯಾವ ಪುಸ್ತಕಗಳು ಪವಿತ್ರವೆಂದು ಗುರುತಿಸಿದುದೂ ಧರ್ಮಸಭೆಯೇ. ಆದುದರಿಂದ ಗ್ರಂಥವನ್ನು ಪರಂಪರೆಯ ಬೆಳಕಿನಲ್ಲಿ ಓದಬೇಕು ಎಂಬುದು ಕಥೋಲಿಕರ ನಿಲುವು. ಪ್ರೊಟೆಸ್ಟಂಟರು ಹೇಳುವುದು ಬೇರೆ. ಮನುಷ್ಯರು ಕಾಪಾಡಿಕೊಂಡು ಬಂದ ಪದ್ಧತಿಯಲ್ಲಿ ಸತ್ಯದೊಡನೆ ತಪ್ಪೂ ಬೆರೆಯಬಹುದು. ಮನುಷ್ಯರ ಸಂಪ್ರದಾಯಕ್ಕಾಗಿ ದೇವರ ಆಜ್ಞೆಯನ್ನು ಬಿಟ್ಟವರನ್ನು ಕ್ರಿಸ್ತನೇ ಖಂಡಿಸಿದನು. ಆದುದರಿಂದ ಪರಂಪರೆಯನ್ನು ಅಳೆಯುವ ಕೋಲು ಗ್ರಂಥವೊಂದೇ ಎನ್ನುವರು. 1950ರಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಮರಿಯಮ್ಮನವರ ಸ್ವರ್ಗಾರೋಹಣವನ್ನು ವಿಶ್ವಾಸಸತ್ಯವೆಂದು ಘೋಷಿಸಿದಾಗ, ಇದು ಗ್ರಂಥದಲ್ಲಿ ಎಲ್ಲಿದೆ ಎಂದು ಅವರು ಕೇಳಿದುದು ಈ ಕಾರಣದಿಂದಲೇ. ಆದರೆ ಗ್ರಂಥವನ್ನು ಮಾತ್ರ ನೆಚ್ಚಿದವರಲ್ಲಿಯೂ ಒಮ್ಮತವಿಲ್ಲ. ಹಸುಗೂಸುಗಳಿಗೆ ದೀಕ್ಷಾಸ್ನಾನ ಕೊಡುವುದನ್ನು ದಕ್ಷಿಣ ಭಾರತ ಸಭೆ ಒಪ್ಪುತ್ತದೆ. ಬ್ಯಾಪ್ಟಿಸ್ಟರೂ ಪೆಂತೆಕೊಸ್ತರೂ ಒಪ್ಪುವುದಿಲ್ಲ. ಇಬ್ಬರೂ ತೆರೆಯುವುದು ಅದೇ ಗ್ರಂಥವನ್ನು.

ಕನ್ನಡ ನಾಡಿನಲ್ಲಿ ಈ ಭೇದವು ಎರಡು ಬಗೆಯ ಸೇವೆಯಾಗಿ ಫಲಿಸಿತು. 17ನೆಯ ಶತಮಾನದಲ್ಲಿ ಮೈಸೂರು ಸೀಮೆಗೆ ಬಂದ ಜೆಸ್ವಿಟ್ ಪಾದ್ರಿ ಲಿಯೊನಾರ್ಡೊ ಚಿನ್ನಮಿಯು ಕನ್ನಡದಲ್ಲಿ ರಚಿಸಿದುದು ಧರ್ಮಬೋಧೆಯ ಪುಸ್ತಕವನ್ನು. ಗುರುವಿನ ಬೋಧೆ, ಜಪ, ಹಬ್ಬಗಳ ಮೂಲಕ ಧರ್ಮವನ್ನು ಕಲಿಸುವುದು ಕಥೋಲಿಕರ ಕ್ರಮವಾಗಿತ್ತು. ಬಳ್ಳಾರಿಯಲ್ಲಿ ನೆಲೆಸಿದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ಹಿಡಿದುದು ಬೈಬಲಿನ ಅನುವಾದವನ್ನು. ಅದು 1831ರ ಹೊತ್ತಿಗೆ ಪೂರ್ಣವಾಯಿತು. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡದಲ್ಲಿ, 1839ರಲ್ಲಿ ಹುಬ್ಬಳ್ಳಿಯಲ್ಲಿ ನೆಲೆಯೂರಿದರು. ಪ್ರತಿಯೊಬ್ಬನೂ ಗ್ರಂಥವನ್ನು ತಾನೇ ಓದಬೇಕೆಂದರೆ ಮೊದಲು ಅಕ್ಷರ ಬರಬೇಕು. ಆದುದರಿಂದ ಚರ್ಚಿನೊಡನೆ ಶಾಲೆ, ಶಾಲೆಯೊಡನೆ ಅಚ್ಚುಕೂಟ ಹುಟ್ಟಿದವು. 1853ರಲ್ಲಿ ಬಂದ ಫರ್ಡಿನೆಂಡ್ ಕಿಟ್ಟೆಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದುದು ಮಂಗಳೂರಿನ ಬಾಸೆಲ್ ಮಿಷನ್ ಅಚ್ಚುಕೂಟದಿಂದಲೇ. ಓದನ್ನು ಕಡ್ಡಾಯವೆಂದು ಬಗೆದ ಶ್ರದ್ಧೆಯು ನಾಡಿಗೆ ಇಂತಹ ಕೊಡುಗೆಯನ್ನೂ ನೀಡಿತು.

ಇಪ್ಪತ್ತನೆಯ ಶತಮಾನದಲ್ಲಿ ಎರಡು ಪಕ್ಷಗಳೂ ಒಂದೊಂದು ಹೆಜ್ಜೆ ಮುಂದಿಟ್ಟವು. 1963ರಲ್ಲಿ ಮಾಂಟ್ರಿಯಲ್ ನಗರದಲ್ಲಿ ಸೇರಿದ ಸಮ್ಮೇಳನದಲ್ಲಿ ಪ್ರೊಟೆಸ್ಟಂಟರೂ ಆರ್ಥೊಡಾಕ್ಸರೂ, ಗ್ರಂಥವೇ ಒಂದು ಜೀವಂತ ಪರಂಪರೆಯೊಳಗೆ ಹುಟ್ಟಿತೆಂಬುದನ್ನು ಮನಗಂಡರು. 1962ರಿಂದ 1965ರವರೆಗೆ ನಡೆದ ಎರಡನೆಯ ವ್ಯಾಟಿಕನ್ ಮಹಾಸಭೆಯು, ಗ್ರಂಥ ಮತ್ತು ಪರಂಪರೆಗಳೆರಡೂ ಒಂದೇ ದೈವಿಕ ಸೆಲೆಯಿಂದ ಹರಿಯುವವೆಂದು ವಿವರಿಸಿ, ಎಲ್ಲ ವಿಶ್ವಾಸಿಗಳೂ ಬೈಬಲ್ ಓದಬೇಕೆಂದು ಪ್ರೇರೇಪಿಸಿತು. ಅದರ ಫಲವಾಗಿ ಲ್ಯಾಟಿನ್ನಿನಲ್ಲಿ ನಡೆಯುತ್ತಿದ್ದ ಬಲಿಪೂಜೆಯು ಕನ್ನಡದಲ್ಲಿ ಕೇಳಿಬಂದಿತು. ಆದರೂ ಅರ್ಥದಲ್ಲಿ ಭಿನ್ನಾಭಿಪ್ರಾಯ ತಲೆದೋರಿದಾಗ ಕೊನೆಯ ಮಾತು ಯಾರದು ಎಂಬ ಪ್ರಶ್ನೆಗೆ ಒಮ್ಮತದ ಉತ್ತರ ದೊರೆತಿಲ್ಲ.

ಈ ಸಮಸ್ಯೆಯು ಕ್ರೈಸ್ತರಿಗೆ ಮಾತ್ರ ಸೇರಿದುದಲ್ಲ. ಶ್ರುತಿ-ಸ್ಮೃತಿಗಳನ್ನು ಕುರಿತು, ಶಾಸ್ತ್ರ ಮತ್ತು ಅನುಭಾವಗಳನ್ನು ಕುರಿತು ಈ ನಾಡಿನಲ್ಲಿಯೂ ದೀರ್ಘವಾದ ವಿಚಾರ ನಡೆದಿದೆ. ಗ್ರಂಥವಿಲ್ಲದ ಪರಂಪರೆಯು ದಾರಿ ತಪ್ಪಿದಾಗ ಅದನ್ನು ತಿದ್ದುವ ಪ್ರಮಾಣ ದೊರೆಯದು. ಪರಂಪರೆಯಿಲ್ಲದ ಗ್ರಂಥವನ್ನು ಓದುಗನು ತನಗೆ ಬೇಕಾದಂತೆ ಅರ್ಥೈಸಿಕೊಳ್ಳಬಹುದು. ಒಂದು ಅಪಾಯವನ್ನು ಕಥೋಲಿಕರೂ ಇನ್ನೊಂದನ್ನು ಪ್ರೊಟೆಸ್ಟಂಟರೂ ಪರಸ್ಪರರಿಗೆ ನೆನಪಿಸುತ್ತ ಬಂದಿದ್ದಾರೆ. ನೆರೆಯವನ ನಂಬಿಕೆಯು ತನ್ನದಕ್ಕಿಂತ ಭಿನ್ನವಾಗಿರುವುದಕ್ಕೆ ಕಾರಣವೇನೆಂದು ತಿಳಿಯುವುದು ಅದನ್ನು ಒಪ್ಪಿದಂತಲ್ಲ. ಆದರೆ ಹಾಗೆ ತಿಳಿದವನು ಅದನ್ನು ಹಗುರವಾಗಿ ಕಾಣಲಾರನು.