ಮರದ ಚೇಗು, ಕಲ್ಲಿನ ಮೈ: ಹಾನಗಲ್ಲ ಪರಿಸರದ ವಸ್ತುಜ್ಞಾನ

ಮಲೆನಾಡಿನ ಅಂಚೂ ಬಯಲುಸೀಮೆಯ ಎರೆಭೂಮಿಯೂ ಸಂಧಿಸುವ ಹಾನಗಲ್ಲ, ಶಿಗ್ಗಾವಿ, ಸವಣೂರು ಹಾಗೂ ಹಿರೇಕೆರೂರು ಪರಿಸರದಲ್ಲಿ ಮರ ಮತ್ತು ಕಲ್ಲಿನ ಕಸುಬುಗಳಿಗೆ ದೀರ್ಘ ಪರಂಪರೆಯಿದೆ. ಕಣಗಳು ಅಥವಾ ಎಳೆಗಳು ಸಣ್ಣವಾಗಿದ್ದರೆ ವಸ್ತುವಿನ ಮೈ ನುಣುಪಾಗಿರುತ್ತದೆ. ಅವು ಒತ್ತಾಗಿ ಕೂಡಿದ್ದರೆ ಅದು ಸಾಂದ್ರವಾಗಿರುತ್ತದೆ. ಈ ಎರಡು ಗುಣಗಳ ಬೆಲೆಯನ್ನು ನಿರ್ಧರಿಸುವುದು ವಸ್ತುವಲ್ಲ, ಅದರಿಂದಾಗಬೇಕಾದ ಕೆಲಸ.

ಹಾನಗಲ್ಲದ ತಾರಕೇಶ್ವರ ಗುಡಿಯ ಕಮಲದ ಛತ್ತನ್ನು ಈ ದೃಷ್ಟಿಯಿಂದ ಗಮನಿಸಬಹುದು. ಕಲ್ಯಾಣ ಚಾಲುಕ್ಯರ ಕಾಲದ ಶಿಲ್ಪಿಗಳು ಮರಳುಗಲ್ಲನ್ನು ಬಿಟ್ಟು ಬಳಪದ ಕಲ್ಲಿನತ್ತ ವಾಲಿದರು. ಅದರ ಕಣಗಳು ಅತಿ ಸಣ್ಣವು. ಗಣಿಯಿಂದ ತೆಗೆದ ಹೊಸದರಲ್ಲಿ ಅದು ಉಳಿಗೆ ಸುಲಭವಾಗಿ ಮಣಿಯುತ್ತದೆ. ಆದುದರಿಂದಲೇ ಕಂಬಗಳ ಮೇಲೆ ಕೂದಲೆಳೆಯಂಥ ಗೆರೆಗಳೂ ಕನ್ನಡಿಯ ಹೊಳಪೂ ಸಾಧ್ಯವಾದವು. ಬಂಕಾಪುರ ಕೋಟೆಯೊಳಗಿನ, ಜನರು ಅರವತ್ತು ಕಂಬದ ಗುಡಿಯೆಂದು ಕರೆಯುವ ನಗರೇಶ್ವರದ ಕಡೆತದ ಕಂಬಗಳೂ ಇದೇ ಪರಂಪರೆಗೆ ಸೇರಿವೆ.

ಆದರೆ ಶಿಲ್ಪಿಗೆ ಗುಣವಾದುದು ಬೀಸುವವಳಿಗೆ ದೋಷ. ಬಳಪದ ಕಲ್ಲು ಬೀಸುಕಲ್ಲಿಗೆ ಒದಗದು. ಬೇಗ ಸವೆಯುವ ಅದರ ಪುಡಿ ಹಿಟ್ಟಿನಲ್ಲಿ ಬೆರೆಯುತ್ತದೆ. ಬೀಸುವ ಕಲ್ಲು ಗಡುಸಾಗಿರಬೇಕು, ಅದರ ಮೈ ಒರಟಾಗಿರಬೇಕು. ಬಳಸಿ ಬಳಸಿ ನುಣ್ಣಗಾದ ಕಲ್ಲು ಕಾಳನ್ನು ಹಿಡಿಯುವುದಿಲ್ಲವಾದ್ದರಿಂದ ಅದನ್ನು ಮತ್ತೆ ಉಳಿಯಿಂದ ಒರಟುಗೊಳಿಸಲಾಗುತ್ತಿತ್ತು.

ಮರದ ವಿಷಯದಲ್ಲಿ ಈ ವಿವೇಕ ‘ಚೇಗು’ ಎಂಬ ಒಂದೇ ಮಾತಿನಲ್ಲಿ ಅಡಗಿದೆ. ಮರದ ನಡುವಿನ ಬಲಿತ, ದಟ್ಟಬಣ್ಣದ ಭಾಗವೇ ಚೇಗು. ಹೊರಗಿನ ಬಿಳಿಯ ಭಾಗಕ್ಕೆ ಬೇಗ ಹುಳು ಹಿಡಿಯುತ್ತದೆ. ಜಾಲಿಯ ಚೇಗು ನೇಗಿಲಿಗೂ ಬಂಡಿಯ ಗಾಲಿಗೂ ಒದಗಿತು. ಇದಕ್ಕೆ ವಿರುದ್ಧವಾದ ನಿದರ್ಶನ ಸವಣೂರಿನ ಕಲ್ಮಠದ ಆವರಣದ ದೊಡ್ಡ ಹುಣಸೆ ಮರಗಳು. ಆಫ್ರಿಕಾ ಮೂಲದ ಈ ಮರಗಳ ಗಾತ್ರ ಅಗಾಧ; ಒಳಗಿನ ಮೈ ಮಾತ್ರ ನೀರು ಹಿಡಿಯುವ ಮೆತ್ತನೆಯ ನಾರು. ನೇಗಿಲಿಗಾಗಲಿ ತೊಲೆಗಾಗಲಿ ಅದು ಬಾರದು. ಮೂರು ಮರಗಳಲ್ಲಿ ಒಂದು 2023ರಲ್ಲಿ ಉರುಳಿತು.

ವಸ್ತುಸಂಗ್ರಹಾಲಯಗಳ ದಾಖಲೆಯಲ್ಲಿ ‘ಮರದ ನೇಗಿಲು’, ‘ಕಲ್ಲಿನ ಒರಳು’ ಎಂದಷ್ಟೇ ಬರೆದರೆ ಈ ಆಯ್ಕೆಯ ಹಿಂದಿನ ಜ್ಞಾನ ದಾಖಲಾಗದು. ಯಾವ ಮರ, ಅದರ ಯಾವ ಭಾಗ, ಯಾವ ಕಲ್ಲು, ಅದೇ ಏಕೆ ಎಂಬುದನ್ನು ಕಸುಬುದಾರರ ಮಾತಿನಲ್ಲಿಯೇ ಬರೆದಿಡಬೇಕಾಗಿದೆ. ನೇಗಿಲು, ಬೀಸುಕಲ್ಲುಗಳು ಬಳಕೆ ತಪ್ಪಿದರೂ ಸಂಗ್ರಹಾಲಯದಲ್ಲಿ ಉಳಿದಾವು. ಅವುಗಳ ಮೈಯನ್ನು ಕೈಯಿಂದ ಮುಟ್ಟಿ ಗುಣ ಹೇಳಬಲ್ಲ ತಲೆಮಾರು ಉಳಿಯದು.